ಕೊಪ್ಪಳ ಎಂದು ಬರೆಯಲು 19 ಬೈಟ್

ಕಣ್ಣಿಗೆ ಕಾಣುವಂತೆ ಕೊಪ್ಪಳ ಎಂಬ ಹೆಸರಿನಲ್ಲಿರುವುದು ಮೂರೇ ಅಕ್ಷರ. ಆದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕಂಪ್ಯೂಟರ್ ಅದನ್ನು ಕ, ಓತ್ವ, ಪ, ಹಲಂತ, ಪ, ಳ ಎಂದು ಆರು ಸಂಕೇತಗಳಾಗಿ ಬಿಡಿಸಿ ಒಂದೊಂದಕ್ಕೂ 3 ಬೈಟ್ ಬಳಸುತ್ತದೆ. ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪದ ಮುಗಿಯಿತೆಂದು ತಿಳಿಸುವ ಸೊನ್ನೆಯೂ ಸೇರಿದರೆ ಒಟ್ಟು 19. ಊರಿನ ಹೆಸರಿಗೆ 16 ಬೈಟ್ ಧಾರಾಳವಾಯಿತೆಂದು ಜಾಗ ಕಾಯ್ದಿರಿಸಿದವರು ಉದ್ದವನ್ನು ಪರೀಕ್ಷಿಸಲು ಮರೆತಿದ್ದರೆ, ಹೆಚ್ಚಾದ 3 ಬೈಟ್ ಪಕ್ಕದ ಜಾಗಕ್ಕೆ ನುಗ್ಗುತ್ತದೆ. ಹೀಗೆ ಕಾಯ್ದಿರಿಸಿದ ಜಾಗವೇ ಬಫರ್; ಬಫರ್ ಓವರ್‌ಫ್ಲೋ ಎಂದರೆ ಇದೇ.

ಪಕ್ಕದಲ್ಲಿ ಏನಿದೆ ಎಂಬುದು ಮುಖ್ಯ. ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ತಂದ ರೈತನ ಚೀಟಿಯೊಂದನ್ನು ಊಹಿಸಿಕೊಳ್ಳಿ: ಮೇಲಿನ ಸಾಲಿನಲ್ಲಿ ಹೆಸರು, ಕೆಳಗಿನ ಸಾಲಿನಲ್ಲಿ ತೂಕವಾದ ಮೇಲೆ ಮಾಲು ಹೋಗಬೇಕಾದ ಗೋದಾಮು. ಉದ್ದನೆಯ ಹೆಸರು ಕೆಳಗಿನ ಸಾಲನ್ನೂ ನುಂಗಿದರೆ, ಹಮಾಲರು ಅಲ್ಲಿ ಕಂಡದ್ದನ್ನೇ ವಿಳಾಸವೆಂದು ನಂಬುತ್ತಾರೆ. ಪ್ರೋಗ್ರಾಂ ತಾತ್ಕಾಲಿಕ ಮಾಹಿತಿ ಇಡುವ ಸ್ಟ್ಯಾಕ್ ಎಂಬ ಜಾಗದಲ್ಲಿಯೂ ಬಫರ್‌ನಿಂದ ಸ್ವಲ್ಪ ದೂರದಲ್ಲೇ, ಕೆಲಸ ಮುಗಿದ ಮೇಲೆ ಮರಳಬೇಕಾದ ವಿಳಾಸವಿರುತ್ತದೆ. 1988ರ ನವೆಂಬರ್ 2ರಂದು ಹೊರಬಿದ್ದ, ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಮಾರಿಸ್ ವರ್ಮ್ ಎಂಬ ಪ್ರೋಗ್ರಾಂ, ಬಳಕೆದಾರರ ವಿವರ ತಿಳಿಸುವ ಫಿಂಗರ್ ಸೇವೆಯ 512 ಬೈಟ್‌ಗಳ ಜಾಗಕ್ಕೆ 536 ಬೈಟ್ ತುರುಕಿ ಆ ವಿಳಾಸವನ್ನೇ ಬದಲಿಸಿತು. ಅಲ್ಲಿ ಉದ್ದ ನೋಡದೆ ಓದುತ್ತಿದ್ದ ಗೆಟ್ಸ್ ಎಂಬ ಫಂಕ್ಷನ್ನನ್ನು ಸಿ ಭಾಷೆಯ ಮಾನಕದಿಂದ ಕೈಬಿಟ್ಟದ್ದು 2011ರಲ್ಲಿ. ಅಷ್ಟು ತಡವೇಕೆ ಎಂದು ನನಗೆ ಇಂದಿಗೂ ಅಚ್ಚರಿ.

ವಿದ್ಯಾರ್ಥಿಯಾಗಿದ್ದಾಗ, ಕಂಪೈಲರ್ ಮರಳುವ ವಿಳಾಸದ ಮುಂದೆ ಓವರ್‌ಫ್ಲೋ ಹಿಡಿಯಲೆಂದು ಇಡುವ ಕಾವಲು ಸಂಖ್ಯೆಯನ್ನು ತೆಗೆಸಿ, ನಾನೇ ಬರೆದ ದೋಷಪೂರ್ಣ ಪ್ರೋಗ್ರಾಂನಿಂದ ಲಿನಕ್ಸ್‌ನ ಆದೇಶಗಳನ್ನು ಪಾಲಿಸುವ ಶೆಲ್ ತೆರೆಸಿದ್ದೆ. ಹಿಗ್ಗಿನಿಂದ ಹೂಆಮ್‌ಐ (ನಾನು ಯಾರು) ಎಂದು ಕೇಳಿದರೆ ಉತ್ತರವಾಗಿ ಬಂದದ್ದು ನನ್ನದೇ ಹೆಸರು. ನನ್ನ ಅಧಿಕಾರದಿಂದ ಓಡುವ ಪ್ರೋಗ್ರಾಂ ದಾರಿ ತಪ್ಪಿದರೂ ನನಗೆ ಸಾಧ್ಯವಿದ್ದಷ್ಟನ್ನೇ ಮಾಡಬಲ್ಲದು. ಗೋದಾಮಿನ ಕೀಲಿಕೈ ಇಲ್ಲದವನ ಚೀಟಿಯನ್ನು ತಿದ್ದಿ ಪ್ರಯೋಜನವೇನು? ಪಾಠಗಳು ಸಾಮಾನ್ಯವಾಗಿ ಪ್ರೋಗ್ರಾಂ ಯಾರ ಅಧಿಕಾರದಿಂದ ಓಡುತ್ತದೆ ಎಂಬ ಈ ಎರಡನೆಯ ಅರ್ಧವನ್ನು ಅವಸರದಲ್ಲಿ ಮುಗಿಸುತ್ತವೆ.

ಕೀಲಿಕೈ ಹಿಡಿದು ಓಡುವ ಪ್ರೋಗ್ರಾಂಗಳೂ ಇವೆ. ಪಾಸ್‌ವರ್ಡ್‌ಗಳ ಕಡತವನ್ನು ತಿದ್ದುವ ಅಧಿಕಾರ, ಯಂತ್ರದ ಪೂರ್ಣ ಒಡೆತನವಿರುವ ರೂಟ್ ಬಳಕೆದಾರನಿಗೆ ಮಾತ್ರ ಇದ್ದರೂ, ಪಾಸ್‌ಡಬ್ಲ್ಯುಡಿ ಪ್ರೋಗ್ರಾಂ ಮೂಲಕ ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡ್ ಬದಲಿಸಬಹುದು. ಏಕೆಂದರೆ ಸೆಟ್‌ಯುಐಡಿ ಗುರುತಿನಿಂದಾಗಿ ಅದನ್ನು ಯಾರೇ ಓಡಿಸಿದರೂ ಅದು ರೂಟ್‌ನ ಅಧಿಕಾರದಿಂದಲೇ ನಡೆಯುತ್ತದೆ. ಸಿ ಭಾಷೆಯ ಜನಕ ಡೆನಿಸ್ ರಿಚಿಯವರ ಈ ಉಪಾಯಕ್ಕೆ 1979ರಲ್ಲಿ ಪೇಟೆಂಟ್ ದೊರೆಯಿತು. ಅನುಮತಿ ಪಡೆದವರು ರೂಟ್‌ನಂತೆ ಆದೇಶ ನೀಡಲು ಬಳಸುವ, ಅಂಥ ಗುರುತುಳ್ಳ ಸುಡೊ ಪ್ರೋಗ್ರಾಂನಲ್ಲಿ 2011ರಿಂದ ಅಡಗಿದ್ದ ಓವರ್‌ಫ್ಲೋ ದೋಷವೊಂದು 2021ರ ಜನವರಿಯಲ್ಲಿ ಬಯಲಾಯಿತು. ಅದು ಇದ್ದದ್ದು ಸ್ಟ್ಯಾಕ್‌ನಲ್ಲಲ್ಲ, ಹೀಪ್ ಎಂಬ ಇನ್ನೊಂದು ಜಾಗದಲ್ಲಿ. ಆದರೂ ಸುಡೊ ಬಳಸಲು ಅನುಮತಿಯೇ ಇಲ್ಲದ ಸಾಮಾನ್ಯ ಬಳಕೆದಾರ ಕೂಡ ಅದರ ಮೂಲಕ ರೂಟ್ ಆಗಬಹುದಿತ್ತು.