ಗುರಿ ಎಲ್ಲಿ ತಪ್ಪುತ್ತಿತ್ತು? ಪರ್ಸಿ ಸ್ಕಾಟ್ ಹುಡುಕಿದ ಉತ್ತರಗಳು

ಕೋಟೆಯ ಮೇಲಿನ ಫಿರಂಗಿಗೂ ಹಡಗಿನ ಮೇಲಿನ ಫಿರಂಗಿಗೂ ಇರುವ ದೊಡ್ಡ ವ್ಯತ್ಯಾಸ ಅದರ ಬುಡದಲ್ಲಿದೆ. ಕೋಟೆ ಅಲ್ಲಾಡುವುದಿಲ್ಲ, ಹಡಗು ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಬದಿಗೆ ಐದೈದು ಡಿಗ್ರಿ ಹೊರಳುತ್ತಾ ಹನ್ನೆರಡು ಸೆಕೆಂಡಿಗೊಮ್ಮೆ ಒಂದು ಸುತ್ತು ಮುಗಿಸುವ ಹಡಗನ್ನು ತೆಗೆದುಕೊಳ್ಳಿ. ಅದು ನೆಟ್ಟಗಾಗುವ ಹೊತ್ತಿನಲ್ಲಿ ಅದರ ಹೊರಳಾಟದ ವೇಗ ಸೆಕೆಂಡಿಗೆ ಎರಡೂವರೆ ಡಿಗ್ರಿಗಿಂತ ಹೆಚ್ಚು. ಗುರಿ ಕಣ್ಣಿಗೆ ಬಿದ್ದು ಬೆರಳು ಟ್ರಿಗರ್ ಒತ್ತುವುದರೊಳಗೆ 0.2 ಸೆಕೆಂಡ್ ಕಳೆದರೂ ನಳಿಗೆ ಅರ್ಧ ಡಿಗ್ರಿ ಸರಿದಿರುತ್ತದೆ. 1,600 ಗಜ ದೂರದಲ್ಲಿ ಆ ಅರ್ಧ ಡಿಗ್ರಿ ಎಂದರೆ ಸುಮಾರು 13 ಮೀಟರ್. ಅಭ್ಯಾಸಕ್ಕೆ ಕಟ್ಟುತ್ತಿದ್ದ ಗುರಿಪರದೆಯ ಎತ್ತರ ಅದಕ್ಕಿಂತ ಕಡಿಮೆ.

19ನೇ ಶತಮಾನದ ಕೊನೆಯವರೆಗೂ ಎಲ್ಲ ನೌಕಾಪಡೆಗಳ ಪದ್ಧತಿ ಒಂದೇ ಆಗಿತ್ತು. ಫಿರಂಗಿಯನ್ನು ಬೇಕಾದ ಕೋನಕ್ಕೆ ಏರಿಸಿ ನಿಲ್ಲಿಸುವುದು, ಹಡಗು ಹೊರಳುತ್ತಾ ಗುರಿ ಸೈಟಿಗೆ, ಅಂದರೆ ಫಿರಂಗಿಯ ಮೇಲಿನ ಗುರಿ ನೋಡುವ ಸಾಧನಕ್ಕೆ, ಬರುವವರೆಗೆ ಕಾಯುವುದು, ಬಂದಾಗ ಹಾರಿಸುವುದು. ಬ್ರಿಟಿಷ್ ನೌಕಾಪಡೆಯ ವಾರ್ಷಿಕ ಸ್ಪರ್ಧೆಗಳಲ್ಲೂ ಮೂರು ಗುಂಡಿಗೆ ಒಂದು ತಗಲಿದರೆ ಸಾಕೆನ್ನುವ ಪರಿಸ್ಥಿತಿ. ಅಮೆರಿಕದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. 1899ರಲ್ಲಿ ಅವರ ಐದು ಹಡಗುಗಳು ತಲಾ ಐದು ನಿಮಿಷ ಒಂದು ಹಳೆಯ ಹಡಗಿನ ಮೇಲೆ ಗುಂಡಿನ ಮಳೆ ಸುರಿಸಿದವು. ತಗಲಿದ್ದು ಎರಡೇ ಎರಡು, ಅವೂ ಹಾಯಿಗೆ.

ಈ ಲೆಕ್ಕವನ್ನು ತಲೆಕೆಳಗು ಮಾಡಿದವನು ಬ್ರಿಟಿಷ್ ನೌಕಾಧಿಕಾರಿ ಪರ್ಸಿ ಸ್ಕಾಟ್ (1853–1924). ಭಾರತೀಯ ನೌಕಾಪಡೆಗೆ ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯ ಹೇಗೋ, ಬ್ರಿಟಿಷರಿಗೆ ಪೋರ್ಟ್ಸ್‌ಮತ್‌ನ ಎಚ್‌ಎಂಎಸ್ ಎಕ್ಸಲೆಂಟ್ ಹಾಗೆ. ಸ್ಕಾಟ್ ಪಳಗಿದ್ದು ಫಿರಂಗಿ ವಿದ್ಯೆ ಕಲಿಸುವ ಆ ಗನ್ನರಿ ಶಾಲೆಯಲ್ಲಿ, ಮುಂದೆ ಅದರ ಮುಖ್ಯಸ್ಥನಾದದ್ದೂ ಅಲ್ಲೇ. ಅವನ ಕೆಲಸದ ಕ್ರಮವನ್ನು ಗಮನಿಸಬೇಕು. ಇನ್ನೂ ದೊಡ್ಡ ಫಿರಂಗಿ ಬೇಕೆಂದು ಅವನು ಕೇಳಲಿಲ್ಲ. ಕಣ್ಣಿನಿಂದ ನಳಿಗೆಯ ಬಾಯಿಯವರೆಗೆ ಗುರಿ ಯಾವ ಜಾಗದಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಿ, ಆ ಜಾಗಕ್ಕೇ ಸಲಕರಣೆ ಮಾಡಿದ.

1898ರಲ್ಲಿ ಅವನು ಮೆಡಿಟರೇನಿಯನ್‌ನಲ್ಲಿ ‘ಸ್ಕಿಲ್ಲಾ’ ಎಂಬ ಕ್ರೂಸರಿನ ಕ್ಯಾಪ್ಟನ್. ಒಂದು ಅಭ್ಯಾಸದಲ್ಲಿ ಎಲ್ಲ ಗುರಿಕಾರರೂ ಎಂದಿನಂತೆ ತಪ್ಪಿಸುತ್ತಿದ್ದಾಗ ಒಬ್ಬ ಮಾತ್ರ ಚೆನ್ನಾಗಿ ಹೊಡೆಯುತ್ತಿದ್ದ. ಹತ್ತಿರ ನಿಂತು ನೋಡಿದರೆ, ಆತ ಹಡಗು ಹೊರಳಿದ ಹಾಗೆಲ್ಲ ನಳಿಗೆಯನ್ನು ಏರಿಸಿ ಇಳಿಸುವ ಎಲಿವೇಟಿಂಗ್ ಚಕ್ರವನ್ನು ತನಗರಿವಿಲ್ಲದೆಯೇ ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಾ ಸೈಟನ್ನು ಗುರಿಯ ಮೇಲಿಂದ ಕದಲಿಸದೆ ಹಿಡಿದಿದ್ದ. ಒಬ್ಬನಿಗೆ ತಾನಾಗಿ ಬಂದದ್ದನ್ನು ಎಲ್ಲರಿಗೂ ಕಲಿಸಬಹುದು ಎಂದು ಸ್ಕಾಟ್ ತೀರ್ಮಾನಿಸಿದ. ನಿರಂತರ ಗುರಿ ಎನ್ನುವ ಪದ್ಧತಿ ಹುಟ್ಟಿದ್ದು ಹೀಗೆ.

ಬರೀ ಆಜ್ಞೆ ಹೊರಡಿಸಿದ್ದರೆ ಇದು ನಡೆಯುತ್ತಿರಲಿಲ್ಲ, ಯಾಕೆಂದರೆ ಯಂತ್ರವೇ ಅಡ್ಡವಾಗಿತ್ತು. ಚಕ್ರ ಮತ್ತು ನಳಿಗೆಯ ನಡುವಿನ ಗಿಯರ್ ಅನುಪಾತ ನಿಧಾನದ ಹೊಂದಾಣಿಕೆಗೆಂದು ಇಟ್ಟದ್ದು, ಅದರಲ್ಲಿ ಹೊರಳಾಟದ ಬೆನ್ನು ಹತ್ತಲು ಆಗುತ್ತಿರಲಿಲ್ಲ. ಅನುಪಾತ ಬದಲಿಸಿ, ಚಕ್ರ ಹಗುರವಾಗಿ ಬೇಗ ತಿರುಗುವಂತೆ ಮಾಡಿದ. ಇನ್ನು ಸೈಟಿನ ಟೆಲಿಸ್ಕೋಪ್, ಗುಂಡು ಹಾರಿದಾಗ ನಳಿಗೆಯ ಜೊತೆಗೇ ಹಿಂದಕ್ಕೆ ಒದೆಯುತ್ತಿತ್ತು. ಕಣ್ಣಿಗೆ ಪೆಟ್ಟು ಬಿದ್ದೀತೆಂದು ಗುರಿಕಾರ ಹಾರಿಸುವ ಮೊದಲೇ ತಲೆ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ, ಬೇಕಾದ ಕ್ಷಣದಲ್ಲೇ ಗುರಿ ಕೈತಪ್ಪುತ್ತಿತ್ತು. ಒದೆತ ಸೈಟಿಗೆ ತಾಕದಂತೆ ಅದನ್ನು ಬೇರೆಯಾಗಿ ಕೂರಿಸಿದ ಮೇಲೆ ಕಣ್ಣು ಇಡೀ ಹೊತ್ತು ಅಲ್ಲೇ ಇರಲು ಸಾಧ್ಯವಾಯಿತು.

ಮೂರನೆಯದು ಅಭ್ಯಾಸದ ಸಾಧನ, ಹೆಸರು ಡಾಟರ್. ನನ್ನ ಮಟ್ಟಿಗೆ ಅವನ ಎಲ್ಲ ಸಲಕರಣೆಗಳಲ್ಲಿ ಅತಿ ಜಾಣತನದ್ದು ಇದೇ. ಫಿರಂಗಿಯ ಮುಂದೆ ಒಂದು ಹಲಗೆ, ಅದರ ಮೇಲೆ ಪುಟ್ಟ ಗುರಿ ಬರೆದ ಕಾಗದ. ಹಲಗೆ ಹೊರಳಾಟದ ಗತಿಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಗುರಿಕಾರ ಸೈಟಿನಲ್ಲಿ ಕಣ್ಣಿಟ್ಟು ಚಕ್ರ ತಿರುಗಿಸುತ್ತಾ ಅದನ್ನು ಹಿಂಬಾಲಿಸಿ ಟ್ರಿಗರ್ ಒತ್ತಿದರೆ, ವಿದ್ಯುತ್ತಿನಿಂದ ಕೆಲಸ ಮಾಡುವ ಒಂದು ಪೆನ್ಸಿಲ್ ಕಾಗದದ ಮೇಲೆ ಚುಕ್ಕಿ ಇಡುತ್ತದೆ. ಮದ್ದುಗುಂಡಿನ ಖರ್ಚಿಲ್ಲ, ಸಮುದ್ರಕ್ಕೆ ಹೋಗಬೇಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ತಪ್ಪೂ ಮೇಲೆಯೋ ಕೆಳಗೆಯೋ ಎಂದು ಕಾಗದದಲ್ಲೇ ಉಳಿಯುತ್ತದೆ. ಸದಾ ಮೇಲೆ ಚುಕ್ಕಿ ಬೀಳುವವನ ಕೈ ಯಾವಾಗ ತಡವಾಗುತ್ತಿದೆ ಎಂದು ತಿದ್ದುವವನಿಗೆ ಗೊತ್ತಾಗುತ್ತದೆ. ಗುಂಡು ತುಂಬುವವರಿಗೂ ಅವನು ಡೆಕ್ಕಿನ ಮೇಲೆ ಅಣಕು ಬ್ರೀಚ್ (ಗುಂಡು ತುಂಬುವ ಫಿರಂಗಿಯ ಹಿಂಬದಿ) ನಿಲ್ಲಿಸಿ ದಿನವೂ ಕಸರತ್ತು ಮಾಡಿಸಿದ. 1899ರ ಸ್ಪರ್ಧೆಯಲ್ಲಿ ಸ್ಕಿಲ್ಲಾ ಹಾರಿಸಿದ 70 ಗುಂಡುಗಳಲ್ಲಿ 56 ಗುರಿಗೆ ತಗಲಿದವು, ಅಂದರೆ ನೂರಕ್ಕೆ 80.

ಅದೇ ವರ್ಷ ಅವನು ‘ಟೆರಿಬಲ್’ ಹಡಗಿನೊಂದಿಗೆ ದಕ್ಷಿಣ ಆಫ್ರಿಕಾ ತಲುಪಿದಾಗ, ಅಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರರಿಗೂ ಬ್ರಿಟಿಷರಿಗೂ ಬೋಯರ್ ಯುದ್ಧ ಶುರುವಾಗಿತ್ತು. ಬೋಯರರ ಭಾರಿ ಫ್ರೆಂಚ್ ಕ್ರೂಸೋ ಫಿರಂಗಿಗಳು ನಿಂತಲ್ಲಿಗೆ ಬ್ರಿಟಿಷ್ ಭೂಸೇನೆಯ ಫಿರಂಗಿಗಳ ಗುಂಡು ಮುಟ್ಟುತ್ತಿರಲಿಲ್ಲ. ಹಡಗಿನ 4.7 ಇಂಚಿನ ಫಿರಂಗಿ ಮುಟ್ಟಬಲ್ಲದು, ಆದರೆ ಅದರ ಒದೆತ ತಡೆಯುವುದು ಉಕ್ಕಿನ ಡೆಕ್ಕು. ನೆಲದ ಮೇಲೆ ಡೆಕ್ಕಿನ ಬದಲು ಏನು? ಸ್ಕಾಟ್ ದಪ್ಪ ಮರದ ದಿಮ್ಮಿಗಳನ್ನು ಜೋಡಿಸಿ ಪೀಠ ಮಾಡಿಸಿ, ಫಿರಂಗಿಯ ಬುಡವನ್ನು ಅದಕ್ಕೇ ಬೋಲ್ಟ್ ಹಾಕಿ ಬಿಗಿಸಿದ. 12 ಪೌಂಡ್ ತೂಕದ ಗುಂಡು ಹಾರಿಸುವ ಚಿಕ್ಕ ಫಿರಂಗಿಗಳಿಗೆ ಒಂದು ದಿಮ್ಮಿ, ಜೊತೆಗೆ ಗಾಡಿಯ ಎರಡು ಗಾಲಿ ಸಾಕಾದವು. ‘ಪವರ್‌ಫುಲ್’ ಹಡಗಿನ ನಾವಿಕರು ಈ ಫಿರಂಗಿಗಳನ್ನು ಅಕ್ಟೋಬರ್ 30ರಂದು ಬ್ರಿಟಿಷ್ ಸೇನೆ ಬೀಡುಬಿಟ್ಟಿದ್ದ ಲೇಡಿಸ್ಮಿತ್ ಊರಿಗೆ ಮುಟ್ಟಿಸಿದರು. ಅದರ ಬೆನ್ನಿಗೇ ಊರಿಗೆ ಮುತ್ತಿಗೆ ಬಿತ್ತು.

ಅಲ್ಲಿಂದ ಚೀನಾದ ಕಡಲು. ಅಲ್ಲಿ ಅವನ ಪದ್ಧತಿಯನ್ನು ಕಣ್ಣಾರೆ ಕಂಡವನು ಅಮೆರಿಕದ ಕಿರಿಯ ಅಧಿಕಾರಿ ವಿಲಿಯಂ ಸಿಮ್ಸ್. ಆತ ವಾಷಿಂಗ್ಟನ್‌ಗೆ ವರದಿಯ ಮೇಲೆ ವರದಿ ಕಳಿಸಿದ. ಅಲ್ಲಿಯವರು ಒಂದು ಪರೀಕ್ಷೆ ಮಾಡಿ, ಅಷ್ಟು ವೇಗದಲ್ಲಿ ಚಕ್ರ ತಿರುಗಿಸಲು ಐದು ಜನ ಬೇಕು, ಆದ್ದರಿಂದ ಇದು ಆಗದ ಮಾತು ಎಂದು ಬರೆದುಬಿಟ್ಟರು. ಪರೀಕ್ಷೆ ನಡೆದದ್ದು ನೆಲದ ಮೇಲೆ! ನೆಲದಲ್ಲಿ ಭಾರವಾದ ನಳಿಗೆಯನ್ನು ನಿಂತಲ್ಲಿಂದ ಎತ್ತಬೇಕು. ಸಮುದ್ರದಲ್ಲಿ ಚೆನ್ನಾಗಿ ತೂಗಿಸಿಟ್ಟ ನಳಿಗೆ ತನ್ನ ಜಡತ್ವದಿಂದ ಇದ್ದ ದಿಕ್ಕಿನಲ್ಲೇ ಇರಲು ನೋಡುತ್ತದೆ, ಅದರ ಕೆಳಗೆ ಹಡಗು ಹೊರಳುತ್ತದೆ. ಗುರಿಕಾರನ ಕೈ ಮಾಡಬೇಕಾದದ್ದು ಘರ್ಷಣೆಯನ್ನು ಮೀರುವ ಕೆಲಸವಷ್ಟೇ. ಸಿಮ್ಸ್ 1901ರಲ್ಲಿ ನೇರವಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೇ ಪತ್ರ ಬರೆದ. ಮರುವರ್ಷ ಅವನೇ ಗುರಿ ಅಭ್ಯಾಸದ ಇನ್ಸ್‌ಪೆಕ್ಟರ್ ಆದ.

ಸ್ಕಾಟ್‌ಗೆ ನಾಲಿಗೆಯ ಮೇಲೆ ಹಿಡಿತ ಕಡಿಮೆ. 1907ರಲ್ಲಿ ಗುರಿ ಅಭ್ಯಾಸಕ್ಕಿಂತ ಹಡಗಿಗೆ ಬಣ್ಣ ಬಳಿಯುವುದಕ್ಕೇ ಬೇಡಿಕೆ ಹೆಚ್ಚಿರುವಂತಿದೆ ಎಂದು ಅವನು ಕಳಿಸಿದ ಸಂಕೇತದಿಂದ ಮೇಲಧಿಕಾರಿ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್ ಕೆಂಡವಾದ. ಆ ಜಗಳಕ್ಕೆ ಸಿಕ್ಕ ಪ್ರಚಾರ ಅವನ ಮುಂದಿನ ಕೆಲಸಕ್ಕೆ ಸಿಗಲಿಲ್ಲವೆನ್ನುವುದು ಬೇಸರದ ಸಂಗತಿ.

ಆ ಕೆಲಸವೇ ಡೈರೆಕ್ಟರ್, ಅಂದರೆ ಹಡಗಿನ ಎಲ್ಲ ದೊಡ್ಡ ಫಿರಂಗಿಗಳಿಗೂ ಒಂದೇ ಜಾಗದಿಂದ ಗುರಿ ಕೊಡುವ ಏರ್ಪಾಡು. ನಿರಂತರ ಗುರಿ ಮಧ್ಯಮ ಫಿರಂಗಿಗೆ ಒಗ್ಗಿತು. ಡ್ರೆಡ್‌ನಾಟ್ ಎಂಬ ಹೊಸ ಬಗೆಯ ದೊಡ್ಡ ಯುದ್ಧನೌಕೆಗಳ ಭಾರಿ ಟರೆಟ್‌ಗಳಲ್ಲಿ (ಫಿರಂಗಿಗಳನ್ನು ಹೊತ್ತು ತಿರುಗುವ ಉಕ್ಕಿನ ಗೂಡುಗಳಲ್ಲಿ), 9,000 ಗಜ ದೂರಕ್ಕೆ ಹಾರಿಸುವಾಗ ತೊಂದರೆಗಳೇ ಬೇರೆ. ಟರೆಟ್ ಕೆಳಗಿರುತ್ತದೆ, ಹೊಗೆ ಮತ್ತು ಅಲೆಯ ತುಂತುರು ಕಣ್ಣು ಮುಚ್ಚುತ್ತವೆ. ಒಂದೊಂದು ಟರೆಟ್ ಒಂದೊಂದು ಹೊತ್ತಿಗೆ ಹಾರಿಸಿದರೆ ನೀರಿನಲ್ಲಿ ಏಳುವ ಚಿಮ್ಮುಗಳು ಕಲಸಿಹೋಗಿ, ಯಾವುದು ಮುಂದೆ ಬಿತ್ತು, ಯಾವುದು ಹಿಂದೆ ಬಿತ್ತು ಎಂದು ತಿಳಿಯುವುದಿಲ್ಲ. ತಿಳಿಯದಿದ್ದರೆ ದೂರವನ್ನು ತಿದ್ದಲಾಗದು.

ಸ್ಕಾಟ್ ಮುಂಗಂಬದ ಮೇಲೆ, ಹೊಗೆಯಿಂದಾಚೆ, ಒಂದೇ ಸೈಟ್ ಇಟ್ಟ. ಅಲ್ಲಿನ ಗುರಿಕಾರ ಚಕ್ರ ತಿರುಗಿಸಿದಂತೆ ಪ್ರತಿ ಟರೆಟ್ಟಿನ ಡಯಲ್‌ನಲ್ಲೂ ಒಂದು ಮುಳ್ಳು ವಿದ್ಯುತ್ತಿನಿಂದ ಸರಿಯುತ್ತದೆ. ಕೆಳಗಿನವರು ಶತ್ರುವನ್ನು ನೋಡಬೇಕಿಲ್ಲ, ತಮ್ಮ ಫಿರಂಗಿಯ ಮುಳ್ಳನ್ನು ಆ ಮುಳ್ಳಿಗೆ ಕೂಡಿಸಿದರೆ ಮುಗಿಯಿತು. ಮೇಲಿನವನು ಕೀಲಿ ಒತ್ತಿದಾಗ ಎಲ್ಲವೂ ಒಟ್ಟಿಗೆ ಸಿಡಿಯುತ್ತವೆ, ಚಿಮ್ಮುಗಳು ಒಟ್ಟಿಗೆ ಏಳುತ್ತವೆ.

ಎಡವುವುದು ಜೋಡಣೆಯಲ್ಲಿ. ಟರೆಟ್ ತಿರುಗುವ ಉಕ್ಕಿನ ಉರುಳೆಪಥಗಳು ಪರಸ್ಪರ ಕರಾರುವಾಕ್ಕಾಗಿ ಸಮಾಂತರವಾಗಿ ಇರುವುದಿಲ್ಲ. ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು ಓರೆಯಿದ್ದರೂ 9,000 ಗಜದಾಚೆ ಗುಂಡಿನ ಎತ್ತರದಲ್ಲಿ ಏಳು ಮೀಟರ್ ವ್ಯತ್ಯಾಸ ಬರುತ್ತದೆ. ಗುಂಡು ಚಪ್ಪಟೆ ಕೋನದಲ್ಲಿ ಇಳಿಯುವುದರಿಂದ ನೀರಿನ ಮೇಲೆ ಅದು ಹತ್ತಾರು ಮೀಟರ್ ಆಗುತ್ತದೆ. ಆದ್ದರಿಂದ ಪ್ರತಿ ಟರೆಟ್ಟಿನ ಓರೆಯನ್ನು ಅಳೆದು ತಿದ್ದುಪಡಿ ಸೇರಿಸಬೇಕು, ಡೈರೆಕ್ಟರ್ ಮತ್ತು ಟರೆಟ್‌ಗಳ ನಡುವಿನ ಎತ್ತರ, ಅಂತರಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇದನ್ನು ಬಿಟ್ಟರೆ ಒಟ್ಟಿಗೆ ಹಾರಿಸಿಯೂ ಗುಂಡುಗಳು ಚದುರುತ್ತವೆ.

1912ರ ನವೆಂಬರ್ 13ರಂದು ‘ಥಂಡರರ್’ ಮತ್ತು ‘ಓರಿಯನ್’ ಎಂಬ ಸೋದರ ಹಡಗುಗಳನ್ನು ಪಣಕ್ಕೆ ಬಿಟ್ಟರು. ಎರಡರಲ್ಲೂ ಹತ್ತು 13.5 ಇಂಚಿನ ಫಿರಂಗಿ, ವೇಗ 12 ನಾಟ್, ದೂರ 9,000 ಗಜ, ಅವಧಿ ಮೂರೂವರೆ ನಿಮಿಷ. ಓರಿಯನ್‌ನ ಗುರಿಕಾರರು ತಂತಮ್ಮ ಟರೆಟ್ಟಿನಿಂದಲೇ ಗುರಿ ಹಿಡಿಯುವ ಹಳೆಯ ಪದ್ಧತಿಯಲ್ಲಿ ಪಳಗಿದವರು. ಆದರೂ ಡೈರೆಕ್ಟರ್ ಇದ್ದ ಥಂಡರರ್ ಸುಮಾರು ಆರು ಪಟ್ಟು ಹೆಚ್ಚು ಅಂಕ ಗಳಿಸಿತು. ಇಷ್ಟು ಸ್ಪಷ್ಟ ಫಲಿತಾಂಶದ ನಂತರವೂ ಅಳವಡಿಕೆ ತೆವಳಿತು. 1914ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಡೈರೆಕ್ಟರ್ ಇದ್ದದ್ದು ಎಂಟು ಯುದ್ಧನೌಕೆಗಳಲ್ಲಿ ಮಾತ್ರ. ನಿವೃತ್ತನಾಗಿದ್ದ ಸ್ಕಾಟ್‌ನನ್ನು ನವೆಂಬರಿನಲ್ಲಿ ಮತ್ತೆ ಕರೆದರು. 1916ರ ಮೇ 31ರಂದು ಜರ್ಮನ್ ನೌಕಾಪಡೆಯ ವಿರುದ್ಧದ ಜಟ್ಲೆಂಡ್ ಕದನಕ್ಕೆ ಹೊರಡುವ ಹೊತ್ತಿಗೆ ಬ್ರಿಟಿಷ್ ಡ್ರೆಡ್‌ನಾಟ್‌ಗಳಲ್ಲಿ ಬಹುತೇಕ ಎಲ್ಲದರ ಮುಖ್ಯ ಫಿರಂಗಿಗಳೂ ಡೈರೆಕ್ಟರ್ ಅಡಿಗೆ ಬಂದಿದ್ದವು.