ಚುಕ್ಕೆ ಇದ್ದಲ್ಲೆಲ್ಲ ಮೂಲಪುರುಷ ಇರಲಿಲ್ಲ

ವೈ-ಡಿಎನ್‌ಎ ವರದಿ ಕೈಗೆ ಬಂದ ಕೂಡಲೇ ಜನ ಏನು ಮಾಡುತ್ತಾರೆ ಅನ್ನೋದು ನನಗೀಗ ಬಾಯಿಪಾಠ. (ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್ ಓದಿ ತಂದೆ ಕಡೆಯ ವಂಶ ಹುಡುಕುವ ಪರೀಕ್ಷೆ ಇದು.) ಹ್ಯಾಪ್ಲೋಗ್ರೂಪಿನ, ಅಂದರೆ ಒಬ್ಬನೇ ಹಳೆಯ ಮೂಲಪುರುಷನಿಂದ ಬಂದ ವಂಶದ ಗುಂಪಿನ, ಹೆಸರು ಓದುವುದಿಲ್ಲ. ಆ ಗುಂಪಿನೊಳಗಿನ ಕವಲುಗಳ ಪಟ್ಟಿ ಓದುವುದಿಲ್ಲ. ಸಣ್ಣ ಅಕ್ಷರದ ಎಚ್ಚರಿಕೆಯಂತೂ ಬಿಡಿ. ನೇರ ನಕ್ಷೆಗೆ ಹೋಗುತ್ತಾರೆ, ಎರಡು ಬೆರಳಿಟ್ಟು ಹಿಗ್ಗಿಸುತ್ತಾರೆ, ಎಲ್ಲಿ ಬಣ್ಣ ಗಾಢವಾಗಿದೆಯೋ ಎಲ್ಲಿ ಚುಕ್ಕೆ ಜಾಸ್ತಿ ಇದೆಯೋ ಆ ಭಾಗದ ಸ್ಕ್ರೀನ್‌ಶಾಟ್ ತೆಗೆದು ಕಳಿಸುತ್ತಾರೆ. "ಸರ್, ನಾವು ಮೂಲದಲ್ಲಿ ಇಲ್ಲಿಯವರಂತೆ!" ಅಷ್ಟರಲ್ಲಿ ಅದು ಮನೆಯವರ ವಾಟ್ಸಾಪ್ ಗುಂಪಿಗೂ ಹೋಗಿರುತ್ತದೆ. ಆಮೇಲೆ ನಾನು ಏನು ಹೇಳಿದರೂ ಯಾರಿಗೂ ಬೇಡ.

ಆ ನಕ್ಷೆಯಲ್ಲಿ ಏನಿದೆ ಅಂತ ಬಿಡಿಸಿ ಹೇಳುತ್ತೇನೆ, ದಯವಿಟ್ಟು ನಿಧಾನವಾಗಿ ಓದಿ. ನಿಮ್ಮ ಕವಲಿಗೇ ಸೇರಿದ ಗಂಡಸರು ಇವತ್ತು ಅಲ್ಲಲ್ಲಿ ಬದುಕಿದ್ದಾರೆ. ಅವರಲ್ಲಿ ಕೆಲವರು ದುಡ್ಡು ಕೊಟ್ಟು ಪರೀಕ್ಷೆ ಮಾಡಿಸಿಕೊಂಡಿದ್ದಾರೆ. ಅವರಲ್ಲೂ ಕೆಲವರು, ತಂದೆ ಕಡೆಯಲ್ಲಿ ತಮಗೆ ಗೊತ್ತಿರುವ ಅತಿ ಹಳೆಯ ಅಜ್ಜ ಎಲ್ಲಿದ್ದ ಅಂತ ಫಾರಂನಲ್ಲಿ ತುಂಬಿದ್ದಾರೆ. ಆ ಜಾಗಕ್ಕೆ ಒಂದು ಚುಕ್ಕೆ. ಮುಗಿಯಿತು. ಆ ಅಜ್ಜ ಹೆಚ್ಚೆಂದರೆ ಇನ್ನೂರು ಮುನ್ನೂರು ವರ್ಷ ಹಿಂದಿನವನು. ಅದೂ ಮೊಮ್ಮಗ ನೆನಪಿನಿಂದ ಬರೆದದ್ದು, ಯಾರೂ ದಾಖಲೆ ಕೇಳಿಲ್ಲ. ಆದರೆ ಆ ಗಂಡಸಿಗೂ ನಿಮಗೂ ಇಬ್ಬರಿಗೂ ಮೂಲಪುರುಷನಾದವನು ನಾಲ್ಕು ಸಾವಿರ ವರ್ಷ ಹಿಂದೆ ಬದುಕಿದ್ದವನಿರಬಹುದು. ನಡುವಿನ ಅಷ್ಟೂ ಕಾಲ ಅವರ ಕಡೆಯವರು ಎಲ್ಲಿ ಅಲೆದರು, ನಿಮ್ಮವರು ಎಲ್ಲಿ ಅಲೆದರು ಅನ್ನೋದು ಚುಕ್ಕೆಗೆ ಹೇಗೆ ಗೊತ್ತಾಗಬೇಕು?

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಮನೆಯಿಂದಲೇ ಸ್ಯಾಂಪಲ್ ಕಳಿಸುವ ಈ ಪರೀಕ್ಷೆ ಮಾರುಕಟ್ಟೆಗೆ ಬಂದದ್ದು 2000ದ ಸುಮಾರಿಗೆ. ಅಂದಿನಿಂದ ಇಂದಿನವರೆಗೂ ಗಿರಾಕಿಗಳಲ್ಲಿ ದೊಡ್ಡ ಪಾಲು ಅಮೆರಿಕದವರು. ಅವರಲ್ಲಿ ಬಹಳ ಜನರ ಅಜ್ಜಂದಿರು ಬ್ರಿಟನ್, ಐರ್ಲೆಂಡ್ ಕಡೆಯಿಂದ ವಲಸೆ ಹೋದವರು. ಹಾಗಾಗಿ ಚುಕ್ಕೆಗಳು ಅಲ್ಲಿ ಮುತ್ತಿಕೊಂಡಿರುತ್ತವೆ. ಅಷ್ಟೇ ಹಳೆಯ ಕವಲು ಬೇರೆ ಕಡೆ ಲಕ್ಷಾಂತರ ಜನರಲ್ಲಿ ಇರಬಹುದು, ಅವರು ಪರೀಕ್ಷೆ ಮಾಡಿಸಿಲ್ಲ, ಆದ್ದರಿಂದ ನಕ್ಷೆಯಲ್ಲಿ ಆ ಭಾಗ ಖಾಲಿ. ಮದುವೆಯ ಗ್ರೂಪ್ ಫೋಟೋ ನೋಡಿ ನೆಂಟರನ್ನು ಎಣಿಸಿದರೆ ಬಾರದವರು ಲೆಕ್ಕಕ್ಕೆ ಸಿಗುತ್ತಾರಾ?

ಒಬ್ಬರಿಗೆ ಪಟ್ಟಿಯಲ್ಲಿ ಇದ್ದ ಒಂದೇ ಹತ್ತಿರದ ಹೆಸರು ಸ್ಕಾಟ್ಲೆಂಡಿನದು. ಒಳ್ಳೆಯ ಮನುಷ್ಯ, ಓದಿಕೊಂಡವರು. ನನ್ನ ಹತ್ತಿರ ಬರುವಷ್ಟರಲ್ಲಿ ಅವರ ಕಥೆ ಸಿದ್ಧವಾಗಿತ್ತು. ಹಡಗು, ಸಿಪಾಯಿ, ಗುಟ್ಟಿನ ಮದುವೆ ಎಲ್ಲ ಇತ್ತು. ಕೇಳಲು ಚೆನ್ನಾಗಿಯೂ ಇತ್ತು. ನಾನು ವರದಿಯಲ್ಲಿ ಅದೇ ಸಾಲಿನ ಕೊನೆಯ ಕಾಲಂ ತೋರಿಸಿದೆ. ಇಬ್ಬರ ಕವಲು ಬೇರೆಯಾಗಿದ್ದು ಅಂದಾಜು 4,500 ವರ್ಷಗಳ ಹಿಂದೆ. ಆಗ ಸ್ಕಾಟ್ಲೆಂಡ್ ಅನ್ನುವ ಹೆಸರೇ ಇರಲಿಲ್ಲ. ಅವರು ಕಾಲಂ ನೋಡಿದರು, ನನ್ನ ಮುಖ ನೋಡಿದರು, "ಆದರೂ ಸಿಪಾಯಿ ಇದ್ದಿರಬಹುದು ಅಲ್ವಾ?" ಅಂದರು.

ಆ ಕಾಲಂ ಬಗ್ಗೆ ಒಂದು ಮಾತು. ಅದರಲ್ಲಿ ಒಂದು ಇಸವಿ ಇರುತ್ತದೆ, ಪಕ್ಕದಲ್ಲಿ ಇಷ್ಟರಿಂದ ಇಷ್ಟರವರೆಗೆ ಅಂತಲೂ ಇರುತ್ತದೆ. ಓದಬೇಕಾದ್ದು ಎರಡನೆಯದನ್ನು. ವೈ ಕ್ರೋಮೋಸೋಮಿನ ಬಹುಭಾಗವನ್ನು ಓದುವ ದೊಡ್ಡ ಪರೀಕ್ಷೆಯಲ್ಲೂ ಹೊಸ ಮ್ಯುಟೇಶನ್ (ತಂದೆಯಿಂದ ಮಗನಿಗೆ ಹೋಗುವಾಗ ಆಗುವ ಸಣ್ಣ ಬದಲಾವಣೆ) ಸಿಗುವುದು ಸರಾಸರಿ ಎರಡು ಮೂರು ತಲೆಮಾರಿಗೆ ಒಂದು. ಅದು ಗಡಿಯಾರದ ಹಾಗೆ ಸರಿಯಾಗಿ ಬೀಳುವುದೂ ಇಲ್ಲ. ಐದಾರು ಮ್ಯುಟೇಶನ್ ಎಣಿಸಿ ಇಸವಿ ಹೇಳು ಅಂದರೆ ನೂರಾರು ವರ್ಷ ಆಚೀಚೆ ಆಗುವುದು ಸಹಜ.

"ಕಂಪನಿಯ ನಕ್ಷೆ ಬೇಡ ಸರ್, ವಿಜ್ಞಾನಿಗಳೇ ಮಾಡಿದ ನಕ್ಷೆ ಇದೆಯಲ್ಲ" ಅನ್ನುವವರೂ ಇದ್ದಾರೆ. ಅವರಿಗೆ ನಾನು ಆರ್1ಬಿ ಅನ್ನುವ ಹ್ಯಾಪ್ಲೋಗ್ರೂಪಿನ ಕಥೆ ಹೇಳುತ್ತೇನೆ. ಈ ಗುಂಪು ಇವತ್ತು ಪಶ್ಚಿಮ ಯುರೋಪಿನ ಅಂಚಿನಲ್ಲಿ, ಐರ್ಲೆಂಡಿನಲ್ಲಿ, ಸ್ಪೇನ್-ಫ್ರಾನ್ಸ್ ಗಡಿಯ ಬಾಸ್ಕ್ ಜನರಲ್ಲಿ ಅತಿ ದಟ್ಟ. ದಟ್ಟವಾಗಿರುವ ಕಡೆಯೇ ಹಳೆಯದು ಅಂದುಕೊಂಡು, 2000ದ ಆಸುಪಾಸಿನಲ್ಲಿ ಹಲವು ಸಂಶೋಧಕರು ಇದನ್ನು ಹಿಮಯುಗದಿಂದ ಅಲ್ಲೇ ಉಳಿದುಬಂದ ವಂಶ ಅಂತ ಹೇಳುತ್ತಿದ್ದರು. ಆಮೇಲೆ ಹಳೆಯ ಮೂಳೆಗಳಿಂದಲೇ ಡಿಎನ್‌ಎ ತೆಗೆಯುವುದು ಸಾಧ್ಯವಾಯಿತು. 2015ರಲ್ಲಿ ನೋಡಿದರೆ, ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಸುಮಾರು 5,000 ವರ್ಷ ಹಿಂದೆ ಇದ್ದ ಯಮ್ನಾಯ ಜನರ ಮೂಳೆಗಳಲ್ಲಿ ಆರ್1ಬಿ ಸಿಕ್ಕಿತು. ಪಶ್ಚಿಮ ಯುರೋಪಿನಲ್ಲಿ ಅದು ಹರಡಿದ್ದು ಸುಮಾರು 4,500 ವರ್ಷ ಹಿಂದೆ, ಪೂರ್ವದಿಂದ ಬಂದವರ ಮೂಲಕ. ಯಾವ ಕವಲು ಯಾವ ದಾರಿಯಲ್ಲಿ ಬಂತು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಇನ್ನೂ ಹಿಂದಕ್ಕೆ ಹೋದರೆ ಆರ್ ಗುಂಪಿನ ಬುಡಕ್ಕೆ ಸೇರುವ ಹಳೆಯ ಮಾದರಿ ಸಿಕ್ಕಿದ್ದು ಸೈಬೀರಿಯಾದ ಬೈಕಲ್ ಸರೋವರದ ಹತ್ತಿರ, ಮಾಲ್ಟಾದಲ್ಲಿ. ಸುಮಾರು 24,000 ವರ್ಷ ಹಿಂದೆ ತೀರಿಕೊಂಡ ಪುಟ್ಟ ಹುಡುಗ. ಇವತ್ತಿನ ನಕ್ಷೆಯಲ್ಲಿ ಆ ಜಾಗಕ್ಕೂ ಐರ್ಲೆಂಡಿಗೂ ಸಂಬಂಧ ಕಾಣುತ್ತದಾ? ಅವರು ಪಳಗಿದ ವಿಜ್ಞಾನಿಗಳು, ಅವರನ್ನೇ ನಕ್ಷೆ ದಾರಿ ತಪ್ಪಿಸಿತು. ನಾವು ನೀವು ಫೋನಿನಲ್ಲಿ ಹಿಗ್ಗಿಸಿ ನೋಡಿದರೆ ಏನಾಗುತ್ತದೆ ಹೇಳಿ.

ಸ್ಪೇನ್, ಪೋರ್ಚುಗಲ್ ಭಾಗದ ಲೆಕ್ಕ ನನಗೆ ಇನ್ನೂ ಇಷ್ಟ. 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಸುಮಾರು 4,000 ವರ್ಷ ಹಿಂದಿನ ಹೊತ್ತಿಗೆ ಅಲ್ಲಿನ ಹಳೆಯ ವೈ ವಂಶಗಳು ಹೆಚ್ಚುಕಡಿಮೆ ಪೂರ್ತಿ ಬದಲಾಗಿಹೋಗಿದ್ದವು. ಆದರೆ ಒಟ್ಟು ಡಿಎನ್‌ಎಯಲ್ಲಿ ಬದಲಾಗಿದ್ದು ಸುಮಾರು 40% ಮಾತ್ರ. ಅಂದರೆ ವೈ ನೋಡಿದವನು "ಎಲ್ಲರೂ ಹೊರಗಿನವರು" ಅನ್ನುತ್ತಾನೆ, ಇಡೀ ಡಿಎನ್‌ಎ ನೋಡಿದವನು "ಅರ್ಧಕ್ಕಿಂತ ಜಾಸ್ತಿ ಅಲ್ಲಿಯದೇ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹತ್ತು ತಲೆಮಾರು ಹಿಂದೆ ನಿಮ್ಮ ವಂಶವೃಕ್ಷದಲ್ಲಿ 1,024 ಸ್ಥಾನಗಳಿವೆ, ವೈ ಮಾತಾಡುವುದು ಅದರಲ್ಲಿ ಒಂದರ ಬಗ್ಗೆ.

ಅಮೆರಿಕದ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ವಿಷಯದಲ್ಲೂ ಹೀಗೇ. ಅವನ ಮನೆತನದ ವೈ, ಈಗ ಟಿ ಅಂತ ಕರೆಯುವ ಗುಂಪಿನದು. ಯುರೋಪಿನಲ್ಲಿ ಅಪರೂಪ, ಮಧ್ಯಪ್ರಾಚ್ಯ ಮತ್ತು ಪೂರ್ವ ಆಫ್ರಿಕಾದಲ್ಲಿ ಜಾಸ್ತಿ. ನಕ್ಷೆ ನೋಡಿದರೆ ಅವನ ಹತ್ತಿರದ ಅಜ್ಜ ಯಾರೋ ಅಲ್ಲಿಂದಲೇ ಬಂದಿರಬೇಕು ಅನ್ನಿಸುತ್ತದೆ. 2007ರಲ್ಲಿ ಸಂಶೋಧಕರು ಬ್ರಿಟನ್ನಿನಲ್ಲಿ ಜೆಫರ್ಸನ್ ಅಡ್ಡಹೆಸರಿನ 85 ಗಂಡಸರನ್ನು ಪರೀಕ್ಷಿಸಿದರು. ಅಧ್ಯಕ್ಷನ ಮನೆಯವರ ಜೊತೆ ಯಾವ ಸಂಬಂಧವೂ ಗೊತ್ತಿಲ್ಲದ ಇಬ್ಬರಲ್ಲಿ ಅದೇ ವೈ ಸಿಕ್ಕಿತು. ಅಲ್ಲಿಗೆ ಆ ವಂಶ ಬ್ರಿಟನ್ನಿನಲ್ಲೇ ಶತಮಾನಗಳಿಂದ ಇತ್ತು ಅಂತಾಯಿತು. ಅದೇ ವರ್ಷ ಯಾರ್ಕ್‌ಶೈರಿನ ಅಪರೂಪದ ಒಂದು ಅಡ್ಡಹೆಸರಿನ 18 ಗಂಡಸರಲ್ಲಿ 7 ಜನರಿಗೆ ಪಶ್ಚಿಮ ಆಫ್ರಿಕಾದ ಎ1 ಗುಂಪಿನ ವೈ ಇರುವುದು ಗೊತ್ತಾಯಿತು. ಇಲ್ಲಿ ನಿಜವಾಗಿಯೂ ಆಫ್ರಿಕಾದ ಅಜ್ಜ ಇದ್ದ. ಯಾವಾಗ ಬಂದ, ಹೇಗೆ ಬಂದ ಅಂತ ಕೇಳಿದರೆ ನಕ್ಷೆ ಬಾಯಿ ಬಿಡುವುದಿಲ್ಲ. ದಾಖಲೆ ಹಿಡಿದು ಹೋದವರಿಗೆ ಸಿಕ್ಕಿದ್ದು 1780ರ ದಶಕದಲ್ಲಿ ಯಾರ್ಕ್‌ಶೈರಿನಲ್ಲೇ ಹುಟ್ಟಿದ ಇಬ್ಬರು ಪೂರ್ವಜರು. ಅಲ್ಲಿಂದ ಹಿಂದಕ್ಕೆ ಕಾಗದವೂ ಇಲ್ಲ.

ಹಾಗಾದರೆ ಈ ಪರೀಕ್ಷೆ ಯಾಕೆ ಅಂತ ಸಿಟ್ಟು ಮಾಡಿಕೊಳ್ಳಬೇಡಿ. ಇಬ್ಬರು ಗಂಡಸರು ದಾಯಾದಿಗಳು ಹೌದೋ ಅಲ್ಲವೋ ಅಂತ ಹೇಳುವುದರಲ್ಲಿ ಇದರಷ್ಟು ಗಟ್ಟಿ ಸಾಕ್ಷಿ ಕಡಿಮೆ. ಇಂಥ ಪ್ರಶ್ನೆಗೆ ಬೇಕಾದದ್ದು ಇನ್ನೊಬ್ಬ ಮನುಷ್ಯ. ನಾಲ್ಕೈದು ತಲೆಮಾರು ಹಿಂದೆ ಬೇರೆಯಾದ ಶಾಖೆಯ ಒಬ್ಬ ದಾಯಾದಿಯನ್ನು ಹುಡುಕಿ, ಇಬ್ಬರದೂ ಪರೀಕ್ಷೆ ಮಾಡಿಸಿ. ಹೊಂದಿದರೆ ಆ ಅಜ್ಜನವರೆಗಿನ ನಿಮ್ಮ ವಂಶಾವಳಿ ಬಹುಮಟ್ಟಿಗೆ ಭದ್ರ. ಬಹುಮಟ್ಟಿಗೆ ಯಾಕೆಂದರೆ ಅಣ್ಣತಮ್ಮಂದಿರ, ಚಿಕ್ಕಪ್ಪ ದೊಡ್ಡಪ್ಪಂದಿರ ವೈ ಒಂದೇ, ಅವರಲ್ಲಿ ಯಾರು ತಂದೆ ಅಂತ ಅದು ಹೇಳಲಾರದು.

ಹೊಂದದೆಯೂ ಹೋಗಬಹುದು. ದತ್ತು, ಮರುಮದುವೆ, ಮನೆಯಲ್ಲಿ ಯಾರೂ ಆಡದ ಇನ್ನೇನೋ. ಇಂಗ್ಲೆಂಡಿನ ದೊರೆ 3ನೇ ರಿಚರ್ಡನ ಅಸ್ಥಿ 2012ರಲ್ಲಿ ಲೆಸ್ಟರಿನ ಕಾರ್ ಪಾರ್ಕಿಂಗ್ ಅಡಿಯಲ್ಲಿ ಸಿಕ್ಕಾಗ, ಕಾಗದದ ಮೇಲೆ ಅವನ ದಾಯಾದಿಗಳಾದ ಐವರ ವೈ ನೋಡಿದರು. ಒಬ್ಬರದೂ ಹೊಂದಲಿಲ್ಲ, ಐವರಲ್ಲಿ ಒಬ್ಬನದು ಉಳಿದ ನಾಲ್ವರ ಜೊತೆಗೂ ಹೊಂದಲಿಲ್ಲ. ಹಲವು ಸಮಾಜಗಳ ಅಧ್ಯಯನದಲ್ಲಿ ಕಾಗದದ ತಂದೆ ಬೇರೆ, ಹುಟ್ಟಿನ ತಂದೆ ಬೇರೆ ಆಗಿರುವುದು ತಲೆಮಾರಿಗೆ ಒಂದೆರಡು ಶೇಕಡಾ ಅಂತ ಬಂದಿದೆ, ತಲೆಮಾರು ಕೂಡಿದಂತೆ ಅದೂ ಕೂಡುತ್ತದೆ. ಅದಕ್ಕೇ ಆ ದಾಯಾದಿಗೆ ಸ್ಯಾಂಪಲ್ ಕೇಳುವಾಗಲೇ ಈ ಸಾಧ್ಯತೆ ಬಾಯಿಬಿಟ್ಟು ಹೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ, ಸುಮ್ನೆ ಒತ್ತಾಯ ಮಾಡಬೇಡಿ.

ಮನೆಯಲ್ಲಿ ವಯಸ್ಸಾದ ಗಂಡಸರಿದ್ದರೆ, ಅವರು ಒಪ್ಪಿದರೆ, ಅವರ ಸ್ಯಾಂಪಲ್ ಮೊದಲು ತೆಗೆಸಿ. ಈಗ 37 ಮಾರ್ಕರ್‌ಗಳ, ಅಂದರೆ ವೈಯಲ್ಲಿ ಹೋಲಿಸಿ ನೋಡುವ 37 ಜಾಗಗಳ, ಸಣ್ಣ ಪರೀಕ್ಷೆ ಸಾಕು. ಸ್ಯಾಂಪಲ್ ತೆಗೆದಿಡುವ ಲ್ಯಾಬ್ ಆದರೆ ದೊಡ್ಡದನ್ನು ಆಮೇಲೆ ಅದರಲ್ಲೇ ಮಾಡಿಸಬಹುದು. ಎಷ್ಟು ವರ್ಷ ಇಡುತ್ತಾರೆ ಅಂತ ಮಾತ್ರ ಮೊದಲೇ ಕೇಳಿಕೊಳ್ಳಿ.