ಚಮಚದ ಹಿಂದೆ 830 ಅಂತಿದೆ, ಇದು ಅಸಲಿ ಬೆಳ್ಳಿಯೇ?

ಪ್ರಶ್ನೆ: ಮಗ ಡೆನ್ಮಾರ್ಕಿನ ಕೋಪನ್‌ಹೇಗನ್‌ನ ಹಳೇ ಸಾಮಾನಿನ ಸಂತೆಯಿಂದ ಆರು ಚಮಚ ತಂದಿದ್ದಾನೆ. ಹಿಂದೆ 925 ಇಲ್ಲ, 830ಎಸ್ ಅಂತಿದೆ. ಮೋಸ ಹೋದನಾ?

ಇಲ್ಲ, ಅಸಲಿ ಬೆಳ್ಳಿಯೇ. ಸಾವಿರ ಪಾಲಿನಲ್ಲಿ 830 ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. 925 ಅನ್ನೋದು ಇಂಗ್ಲೆಂಡಿನ ಸ್ಟರ್ಲಿಂಗ್ ಲೆಕ್ಕ. ಕೇಳಿ ಕೇಳಿ ನಮಗೆ ಅದೊಂದೇ ಬೆಳ್ಳಿ ಅನ್ನಿಸಿಬಿಟ್ಟಿದೆ. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಲ್ಲಿ ಊಟದ ಬೆಳ್ಳಿಗೆ ಬಹುಕಾಲ 830ರ ಆಸುಪಾಸೇ ರೂಢಿ. ನಮ್ಮ ಬಿಐಎಸ್ ಹಾಲ್‌ಮಾರ್ಕ್‌ನಲ್ಲೂ 800, 835ರ ದರ್ಜೆಗಳಿವೆ, ಅಲ್ವಾ?

ಈಗ ಒಂದು ಭೂತಗನ್ನಡಿ ಹಿಡಿದು ಚಮಚ ಮಗುಚಿ ನೋಡಿ. ಅಕ್ಕಿಕಾಳಿನಷ್ಟು ಜಾಗದಲ್ಲಿ ಮೂರು ಗೋಪುರ ಕಂಡರೆ ಅದು ಡೆನ್ಮಾರ್ಕಿನ ಮುದ್ರೆ. ಗೋಪುರದ ಬುಡದಲ್ಲಿ ಎರಡಂಕಿ ಇರುತ್ತದೆ. 35 ಅಂತಿದ್ದರೆ 1935. ಈ ಮುದ್ರೆ ಬಿದ್ದರೆ ಕನಿಷ್ಠ 826 ಬೆಳ್ಳಿ ಇದೆ ಅಂತ ಅರ್ಥ. ಸ್ವೀಡನ್‌ನವರದ್ದು ಬೇರೆ: ಮೂರು ಕಿರೀಟ, ಆರು ಮೂಲೆಯ ಚೌಕಟ್ಟಿನೊಳಗೆ ಎಸ್ ಅಕ್ಷರ, ಆಮೇಲೆ ಇಸವಿಯ ಗುಟ್ಟು. ಎ8 ಅಂದರೆ 1927, ಎ9 ಅಂದರೆ 1951. ಸಂಗ್ರಹದ ಹುಚ್ಚು ಹತ್ತೋದು ಇಲ್ಲೇ!

ನಿಜವಾಗಿ ಹುಷಾರಾಗಿರಬೇಕಾದದ್ದು ಅಂಕಿಯೇ ಇಲ್ಲದ, 'ನೀಸಿಲ್ವರ್' ಅನ್ನೋ ಮಾಲಿನ ಬಗ್ಗೆ. ಸ್ವೀಡಿಷ್‌ನಲ್ಲಿ 'ಹೊಸ ಬೆಳ್ಳಿ' ಅಂತ ಅರ್ಥ, ಒಳಗೆ ಚೂರೂ ಬೆಳ್ಳಿ ಇಲ್ಲ. ತಾಮ್ರ, ನಿಕಲ್, ಸತು ಅಷ್ಟೆ. ಅರಿಶಿನ ಕುಂಕುಮದ ಬಟ್ಟಲಿಗೆ ನಾವು ಬಳಸುವ ಜರ್ಮನ್ ಸಿಲ್ವರ್ ಇದರ ಅಣ್ಣತಮ್ಮ. ಮೇಲೆ ಬೆಳ್ಳಿ ಲೇಪನ ಇದ್ದರಂತೂ ಗುರುತು ಹಿಡಿಯೋದು ಕಷ್ಟ.

ತೂಕ ಹಾಕಿಸಿ ಬೆಲೆ ಕಟ್ಟೋದು ನಮ್ಮ ಅಭ್ಯಾಸ. ಚಾಕುಗಳ ವಿಷಯದಲ್ಲಿ ಅದು ಕೈಕೊಡುತ್ತದೆ. ಅಲಗು ಸಾಮಾನ್ಯವಾಗಿ ಸ್ಟೀಲ್, ಹಿಡಿಯೊಳಗೆ ಟೊಳ್ಳು. ಇನ್ನು ಒಳ್ಳೆಯ ವಿನ್ಯಾಸವಾದರೆ ಬೆಳ್ಳಿಯ ದರಕ್ಕಿಂತ ಎಷ್ಟೋ ಜಾಸ್ತಿ ಕೊಡಬೇಕಾಗುತ್ತದೆ. ಜಾರ್ಜ್ ಜೆನ್ಸನ್ ಅನ್ನೋ ಅಕ್ಕಸಾಲಿಗ 1904ರಲ್ಲಿ ಕೋಪನ್‌ಹೇಗನ್‌ನಲ್ಲಿ ತೆರೆದ ಬೆಳ್ಳಿ ಕೆಲಸದ ಅಂಗಡಿಯಿಂದ ಬಂದವಕ್ಕೆ ಬೇಡಿಕೆ ಹೆಚ್ಚು. ಯೋಹಾನ್ ರೋಡೆ 1915ರಲ್ಲಿ ಮಾಡಿದ 'ಏಕಾರ್ನ್' ಹೆಚ್ಚು ಜನ ಕೇಳುವ ವಿನ್ಯಾಸ. ನನಗೆ ಇಷ್ಟ 1939ರ 'ಬರ್ನಡಾಟ್'. ಹಿಡಿಯ ಉದ್ದಕ್ಕೂ ನೇರ ಗೀರುಗಳು, ಬೇರೇನೂ ಇಲ್ಲ. ಮಾಡಿದವರು ಸಿಗ್ವಾರ್ಡ್ ಬರ್ನಡಾಟ್. ಸ್ವೀಡನ್‌ನ ರಾಜಕುಮಾರ, ಸಾಮಾನ್ಯ ಮನೆತನದ ಹೆಣ್ಣನ್ನು ಮದುವೆಯಾಗಿ 1934ರಲ್ಲಿ ಪಟ್ಟದ ಹಕ್ಕು ಕಳೆದುಕೊಂಡವರು. ಪೂರ್ತಿ ನುಣುಪು ಬೇಕಿದ್ದರೆ ಹೆನ್ನಿಂಗ್ ಕೊಪ್ಪೆಲ್‌ರ 1957ರ 'ಕ್ಯಾರವೆಲ್' ಹುಡುಕಿ.

ಅಂದಹಾಗೆ, ಇಂಥ ಚಮಚವನ್ನು ದೇವರ ದೀಪದಂತೆ ವಿಭೂತಿ ಹಾಕಿ ಗಸಗಸ ತಿಕ್ಕಬೇಡಿ. ಕೆತ್ತನೆಯ ಸಂದಿಯಲ್ಲಿ ಬೇಕೆಂದೇ ಉಳಿಸಿದ ಕಪ್ಪು ಛಾಯೆ ಇರುತ್ತದೆ. ಅದು ಕೊಳೆಯಲ್ಲ. ಅದ್ದಿ ತೆಗೆಯುವ ಪಾಲಿಷ್ ದ್ರಾವಣವೂ ಬೇಡ, ಆ ಕಪ್ಪನ್ನೇ ತೊಳೆದು ಹಾಕುತ್ತದೆ. ಸುಮ್ನೆ ಬಿಸಿನೀರು, ಸ್ವಲ್ಪ ಸೋಪು, ಮೆತ್ತನೆ ಬಟ್ಟೆ ಸಾಕು. ಮೊಟ್ಟೆ ತಿಂದ ಚಮಚವನ್ನು ಮಾತ್ರ ಕೂಡಲೇ ತೊಳೆಯಿರಿ. ಅದರ ಗಂಧಕ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ.